ಸೋರೆಬುರುಡೆಯ ಚೂರು

ಒಡೆದ ಸೋರೆಬುರುಡೆ ನಮ್ಮ ಹಟ್ಟಿಗಳಲ್ಲಿ ತಿಪ್ಪೆಗೆ ಹೋಗುತ್ತದೆ. ಹೋಟೆಲಿನ ಹೊರಗೆ ನಿಲ್ಲಿಸಿ ನಮ್ಮ ಹಿರಿಯರಿಗೆ ಚಹಾ ಹೊಯ್ದದ್ದು ತೆಂಗಿನ ಕರಟಕ್ಕೆ. ಹಾಗಾಗಿ ಚೂರು, ಕರಟ, ಬೂದಿ ಅಂದರೆ ನಮಗೆ ಬರೀ ಸಾಮಾನಲ್ಲ. ಕಲೆಯ ಚರಿತ್ರೆ ಬರೆಯುವವರು ಇಂಥವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಹಿಡಿಯೋಣ. ಅದಕ್ಕೆ ಸ್ವಲ್ಪ ದೂರ, ನೈಜೀರಿಯಾಕ್ಕೆ ಹೋಗಬೇಕಾಗುತ್ತದೆ.

ಆ ದೇಶದ ನಡುಭಾಗದಲ್ಲಿ ಗ್ಬಾಗ್ಯಿ ಅನ್ನುವ ಜನ ಇದ್ದಾರೆ. ಹೊರಗಿನವರು ಅವರನ್ನು ಗ್ವಾರಿ ಅಂತ ಕರೆದರು, ಪುಸ್ತಕಗಳಲ್ಲೂ ಅದೇ ನಿಂತಿತು. (ಇನ್ನೊಬ್ಬರಿಗೆ ಹೆಸರಿಡುವ ಅಧಿಕಾರ ಯಾರದು ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ.) ಇವರಲ್ಲಿ ಮಡಕೆ ಮಾಡುವುದು ಹೆಂಗಸರ ಕೆಲಸ. ತಿಗರಿ ಇಲ್ಲ. ಮಣ್ಣಿನ ಮುದ್ದೆಯನ್ನು ಗುದ್ದಿ ತಳ ಮಾಡಿಕೊಂಡು, ಅದರ ಮೇಲೆ ಮಣ್ಣಿನ ಸುರುಳಿ ಏರಿಸುತ್ತ, ಮಡಕೆಯ ಸುತ್ತ ತಾವೇ ಹಿಂದುಹಿಂದಕ್ಕೆ ಹೆಜ್ಜೆ ಇಟ್ಟು ತಿರುಗುತ್ತಾರೆ. ಚಕ್ರದ ಬದಲು ಹೆಂಗಸೇ ತಿರುಗುತ್ತಾಳೆ.

ಉಪಕರಣಗಳೋ, ಅಡಿಗೆಮನೆಯಿಂದ ಎದ್ದು ಬಂದವು. ಉಣ್ಣುವ ಸೋರೆಬಟ್ಟಲು ಒಡೆದರೆ ಅದರ ಚೂರು ಹೆರೆಯುವ ಸಾಧನ. ಬಟ್ಟಲಿನ ಬಾಗು ಚೂರಿನಲ್ಲೂ ಉಳಿದಿರುತ್ತದಲ್ಲ, ಅದು ಮಡಕೆಯ ಹೊಟ್ಟೆಗೆ ಅಳತೆ ತೆಗೆದ ಹಾಗೆ ಕೂರುತ್ತದೆ. ಕೆಳಗಿಂದ ಮೇಲಕ್ಕೆ ಹೆರೆಯುತ್ತ ಹೋದರೆ ಗೋಡೆ ತೆಳ್ಳಗಾಗಿ ಮೇಲೇಳುತ್ತದೆ. ತಿರುಚಿದ ದಾರವನ್ನೋ ಕಚ್ಚು ಹಾಕಿದ ಕಡ್ಡಿಯನ್ನೋ ಹಸಿಮಣ್ಣಿನ ಮೇಲೆ ಉರುಳಿಸಿದರೆ ಚಿತ್ತಾರ. ಒಣಹುಲ್ಲು ಒಟ್ಟಿ ಬಯಲಲ್ಲೇ ಸುಡುತ್ತಾರೆ. ಸುಟ್ಟ ಮಡಕೆ ಬಿಸಿ ಇರುವಾಗಲೇ ದವದವ ಮರದ ಕಾಯಿಸಿಪ್ಪೆಯ ರಸ ಎರಚುತ್ತಾರೆ. ಅದೇ ಕಾಯಿಯ ಬೀಜವನ್ನು ಹುದುಗು ಬರಿಸಿ ಸಾರಿಗೆ ಹಾಕೋದು. ಬೀಜ ಸಾರಿಗೆ, ಸಿಪ್ಪೆ ಮಡಕೆಗೆ.

ನಮ್ಮ ಕುಂಬಾರಗೇರಿಗಳಲ್ಲೂ ಇದನ್ನ ಕಂಡಿದ್ದೇವೆ. ಮಡಕೆ ಬಡಿಯುವ ಕಲ್ಲಿಗೆ ಹಸಿಮಣ್ಣು ಅಂಟದಿರಲಿ ಅಂತ ಒಲೆಯ ಬೂದಿ ಉದುರಿಸುತ್ತಾರೆ. ಬೂದಿ ತರುವವಳು, ಮಣ್ಣು ತುಳಿಯುವವಳು ಹೆಂಗಸು. ತಿಗರಿಯನ್ನು ಮಾತ್ರ ಆಕೆ ಮುಟ್ಟುವಂತಿಲ್ಲ ಅನ್ನೋದು ಬಹಳ ಕಡೆ ನಡೆದು ಬಂದ ಕಟ್ಟು.

1952ರಲ್ಲಿ ಇಂಗ್ಲಿಷ್ ಸರಕಾರದ ಕುಂಬಾರಿಕೆ ಅಧಿಕಾರಿ ಮೈಕೆಲ್ ಕಾರ್ಡ್ಯೂ ಅಬುಜಾ ಪಟ್ಟಣದಲ್ಲಿ ತರಬೇತಿ ಕೇಂದ್ರ ತೆರೆದ. ತಿಗರಿ ಬಂತು, ಗೂಡುಭಟ್ಟಿ ಬಂತು, ಗಾಜುಲೇಪ ಬಂತು. ಮೊದಲು ಸೇರಿಸಿಕೊಂಡದ್ದು ಗಂಡಸರನ್ನು. ತಲೆತಲಾಂತರದಿಂದ ಮಣ್ಣು ಕಲಸಿದವರು ಹೆಂಗಸರು, ಸ್ಟುಡಿಯೋ ಬಾಗಿಲು ತೆರೆದಾಗ ಒಳಗೆ ಹೋದವರು ಗಂಡಸರು! ಈ ಲೆಕ್ಕ ಎಲ್ಲಿ ಹೋದರೂ ಒಂದೇ ನೋಡಿ.

ಕ್ವಾಲಿ ಎಂಬ ಹಳ್ಳಿಯ ಲಾಡಿ ಕ್ವಾಲಿ ಸುಮಾರು 1925ರಲ್ಲಿ ಹುಟ್ಟಿದವಳು. ಅತ್ತೆಯ ಕೈಕೆಳಗೆ ಮಡಕೆ ಕಲಿತವಳು. ಅಬುಜಾದ ಅರಸ ಸುಲೇಮಾನ್ ಬರಾವ್ ಆಕೆಯ ಕೊಡಗಳನ್ನು ಕೊಂಡು ಅರಮನೆಯಲ್ಲಿ ಇಟ್ಟಿದ್ದ. ಕಾರ್ಡ್ಯೂ ಕಣ್ಣಿಗೆ ಅವು ಬಿದ್ದದ್ದು ಅಲ್ಲೇ. 1954ರಲ್ಲಿ ಆಕೆ ಕೇಂದ್ರದ ಮೊದಲ ಹೆಣ್ಣಾಗಿ ಒಳಗೆ ಬಂದಳು. ತಿಗರಿಯನ್ನೂ ಕಲಿತಳು. ಆದರೆ ದೊಡ್ಡ ಕೊಡಕ್ಕೆ ಕೈ ಹಾಕಿದಾಗ ಹಳೆಯ ಸುರುಳಿ, ಹಳೆಯ ಹಿಂದಡಿ, ಹಳೆಯ ಸಾಮಾನೇ. ಮೈಮೇಲೆ ಚೇಳು, ಹಲ್ಲಿ ಕೊರೆದು, ಗೀರಿಗೆ ಬಿಳಿಮಣ್ಣು ತುಂಬುತ್ತಿದ್ದಳು. ಹಿಂದೆಯೇ ಹಲೀಮಾ ಔದು, ಅಸಿಬಿ ಇಡೋ, ಕಾಂಡೆ ಉಶಾಫಾ ಬಂದರು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಬಯಲಲ್ಲಿ ಸುಟ್ಟ ಕೊಡ ಬೆವರುತ್ತದೆ, ಬೆವರುವುದರಿಂದಲೇ ನೀರು ತಂಪು. 1,250 ಡಿಗ್ರಿಗೂ ಮಿಕ್ಕಿದ ಬೆಂಕಿಯಲ್ಲಿ ಗಾಜುಲೇಪ ಹಾಕಿ ಬೇಯಿಸಿದ ಕೊಡ ಬೆವರುವುದಿಲ್ಲ. ಅಂದರೆ ಒಡೆದ ಬಟ್ಟಲು ಅಡಿಗೆಮನೆಯಿಂದ ಸ್ಟುಡಿಯೋಕ್ಕೆ ಬಂತು, ಕೊಡ ಮಾತ್ರ ತಿರುಗಿ ಅಡಿಗೆಮನೆಗೆ ಹೋಗಲಿಲ್ಲ. 1958ರಿಂದ ಅದು ಲಂಡನ್ನಿನ ಬರ್ಕ್ಲಿ ಗ್ಯಾಲರಿಯಲ್ಲಿ ಕೂತಿತು. ಇದು ಗೆಲುವೋ ಸೋಲೋ? ನಮ್ಮಲ್ಲೇ ಎರಡು ಮಾತಿದೆ. ಕೈಗೆ ಮರ್ಯಾದೆ ಸಿಕ್ಕಿತಲ್ಲ ಅನ್ನುವವರಿದ್ದಾರೆ. ನೀರಿಲ್ಲದ ಕೊಡಕ್ಕೆ ಎಂಥಾ ಮರ್ಯಾದೆ ಅನ್ನುವವರೂ ಇದ್ದಾರೆ. ತಿಪ್ಪೆಗೆ ಹೋಗುವ ಚೂರನ್ನು ಹಿಡಿದೇ ಆಕೆ 1972ರಲ್ಲಿ ಅಮೆರಿಕದ ಸಭೆಗಳ ಮುಂದೆ ಮಡಕೆ ಕಟ್ಟಿದಳು ಅನ್ನೋದನ್ನ ನೆನೆದಾಗ ನಾವು ಮೊದಲನೆಯವರ ಕಡೆಗೆ ವಾಲುತ್ತೇವೆ.

1976ರಲ್ಲಿ ನೈಜೀರಿಯಾ ಹೊಸ ರಾಜಧಾನಿ ಕಟ್ಟಲು ನಿಶ್ಚಯಿಸಿತು. ಅಬುಜಾ ಅನ್ನುವ ಹೆಸರು ಹೊಸ ನಗರಕ್ಕೆ ಹೋಯಿತು, ಹಳೆಯ ಪಟ್ಟಣ ಸುಲೇಜಾ ಆಯಿತು. ನಗರಕ್ಕಾಗಿ ಹೋದ ನೆಲದಲ್ಲಿ ಬಹಳಷ್ಟು ಗ್ಬಾಗ್ಯಿಗಳದು. ಮರುವರ್ಷ, 1977ರಲ್ಲಿ, ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯ ಲಾಡಿ ಕ್ವಾಲಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಕೆ ತೀರಿಕೊಂಡದ್ದು 1984ರಲ್ಲಿ. 2007ರಲ್ಲಿ ಹೊರಟ 20 ನೈರಾ ನೋಟಿನ ಹಿಂಬದಿಯಲ್ಲಿ ಆಕೆ ಮಡಕೆಯ ಜೊತೆ ಇದ್ದಾಳೆ. ಕ್ವಾಲಿ ಹಳ್ಳಿ ಈಗ ರಾಜಧಾನಿ ಪ್ರದೇಶದೊಳಗಿದೆ.