ಮೈಸೂರಿನಿಂದ ಹೊರಟ ಹುಲಿಗಳು

ಕರು ಸತ್ತರೆ ಹಸು ಹಾಲು ಇಳಿಸುವುದಿಲ್ಲ. ಹಿಂದೆ ಹಳ್ಳಿಗಳಲ್ಲಿ ಇದಕ್ಕೊಂದು ಉಪಾಯವಿತ್ತು. ಸತ್ತ ಕರುವಿನ ಚರ್ಮ ಸುಲಿದು ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು ಹಸುವಿನ ಮುಂದೆ ಇಡುತ್ತಿದ್ದರು. ಹಸು ಅದನ್ನು ನೆಕ್ಕುತ್ತಾ ಹಾಲು ಕೊಡುತ್ತಿತ್ತು. ಟ್ಯಾಕ್ಸಿಡರ್ಮಿ ಎಂಬ ಗ್ರೀಕ್ ಮೂಲದ ಶಬ್ದಕ್ಕೆ ಚರ್ಮವನ್ನು ಅಣಿಗೊಳಿಸುವುದು ಎಂದರ್ಥ. ಆ ಲೆಕ್ಕದಲ್ಲಿ ನಮ್ಮ ಕೊಟ್ಟಿಗೆಗಳಲ್ಲೂ ಈ ಕಸುಬು ಇತ್ತು ಎನ್ನಬಹುದು, ಹೆಸರು ಮಾತ್ರ ಇರಲಿಲ್ಲ.

ಹುಲ್ಲಿನ ಕರು ಹಾಲು ಬತ್ತುವವರೆಗೆ ಬಾಳಿದರೆ ಸಾಕಿತ್ತು. ನೂರು ವರ್ಷ ಉಳಿಯಬೇಕೆಂದರೆ ಹುಳುಗಳನ್ನು ತಡೆಯಬೇಕು. ಯುರೋಪಿನಲ್ಲಿ ಈ ಕೆಲಸ ಬಹಳ ಕಾಲ ಸೋತದ್ದು ಇಲ್ಲೇ. ರಾಜರು, ವೈದ್ಯರು ಆಸೆಯಿಂದ ಸೇರಿಸಿಟ್ಟ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತಿದ್ದವು. 18ನೇ ಶತಮಾನದಲ್ಲಿ ಫ್ರಾನ್ಸಿನ ಮೆಟ್ಸ್ ಪಟ್ಟಣದ ಬೆಕೂರ್ ಎಂಬ ಔಷಧ ತಯಾರಕ ಆರ್ಸೆನಿಕ್, ಸಾಬೂನು, ಕರ್ಪೂರ, ಸುಣ್ಣ ಬೆರೆಸಿದ ಒಂದು ಲೇಪ ಕಂಡುಹಿಡಿದ. ಅದನ್ನು ಚರ್ಮದ ಒಳಮೈಗೆ ಸವರಿದರೆ ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಬದುಕಿರುವವರೆಗೂ ಆತ ಗುಟ್ಟು ಬಿಟ್ಟುಕೊಡಲಿಲ್ಲ. ಅವನು ಸತ್ತ ಮೇಲೆ, 19ನೇ ಶತಮಾನದ ಆರಂಭದಲ್ಲಿ ಅದು ಅಚ್ಚಾಗಿ ಎಲ್ಲೆಡೆ ಹರಡಿತು. ವಸ್ತುಸಂಗ್ರಹಾಲಯಗಳ ಹಳೆಯ ಪ್ರಾಣಿಗಳನ್ನು ಕೈಗವಸು ಹಾಕದೆ ಮುಟ್ಟಬಾರದು ಎನ್ನುವುದು ಇದೇ ವಿಷದ ಕಾರಣಕ್ಕೆ. ಅದನ್ನು ದಿನವೂ ಬರಿಗೈಯಲ್ಲಿ ಸವರಿದವರ ಪಾಡೇನಾಯಿತೋ!

ಇದು ಕೈಯಿಂದ ಕೈಗೆ ದಾಟಿದ ವಿದ್ಯೆ. 1826ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಹದಿನೇಳರ ಹುಡುಗನೊಬ್ಬ ತನ್ನ ಬಿಡಾರದ ಬೀದಿಯಲ್ಲೇ ಇದ್ದ ಒಬ್ಬರ ಬಳಿ ಹಕ್ಕಿಗಳ ಚರ್ಮ ಕಾಪಿಡುವುದನ್ನು ಕಲಿತ. ಎರಡು ತಿಂಗಳು, ದಿನಕ್ಕೊಂದು ಗಂಟೆ, ಒಟ್ಟು ಶುಲ್ಕ ಒಂದು ಗಿನಿ. ಹುಡುಗನ ಹೆಸರು ಚಾರ್ಲ್ಸ್ ಡಾರ್ವಿನ್. ಕಲಿಸಿದವರು ಜಾನ್ ಎಡ್ಮನ್‌ಸ್ಟೋನ್. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮರಾಗಿದ್ದು, ಬಿಡುಗಡೆಯಾಗಿ ಸ್ಕಾಟ್ಲೆಂಡಿಗೆ ಬಂದ ಕಪ್ಪು ಮನುಷ್ಯ. ಅವರು ಈ ಕೆಲಸ ಕಲಿತದ್ದು ಚಾರ್ಲ್ಸ್ ವಾಟರ್ಟನ್ ಎಂಬ ಪ್ರಯಾಣಿಗನಿಂದ. ಮುಂದೆ ಗಲಾಪಗೋಸ್ ದ್ವೀಪಗಳ ಹಕ್ಕಿಗಳು ಕೆಡದೆ ಲಂಡನ್ ಸೇರಿದ್ದಕ್ಕೆ ಆ ಪಾಠಗಳೂ ಕಾರಣ. ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಈ ಗುರುವನ್ನು ಪ್ರೀತಿಯಿಂದಲೇ ನೆನೆಯುತ್ತಾನೆ, ಆದರೆ ಹೆಸರು ಬರೆದಿಲ್ಲ. ಆ ಹೆಸರನ್ನು ಸಂಶೋಧಕರು ಬಹಳ ಕಾಲದ ನಂತರ ಹುಡುಕಿ ತೆಗೆಯಬೇಕಾಯಿತು.

ಈ ಸಂಗತಿ ತಿಳಿದ ಮೇಲೆ ನಮಗೆ ಮೈಸೂರಿನ ಹುಲಿಗಳನ್ನು ನೋಡುವ ಬಗೆಯೇ ಬದಲಾಯಿತು.

20ನೇ ಶತಮಾನದ ಬಹುಪಾಲು, ಜಗತ್ತಿನ ಅತಿ ದೊಡ್ಡ ಟ್ಯಾಕ್ಸಿಡರ್ಮಿ ಕಾರ್ಖಾನೆಗಳಲ್ಲಿ ಒಂದು ಇದ್ದದ್ದು ಮೈಸೂರಿನಲ್ಲಿ. ಹೆಸರು ವ್ಯಾನ್ ಇಂಗನ್ ಅಂಡ್ ವ್ಯಾನ್ ಇಂಗನ್. ಡಚ್ ಮೂಲದ ಯೂಜೀನ್ ವ್ಯಾನ್ ಇಂಗನ್ ಇದನ್ನು 1900ರ ಆಸುಪಾಸಿನಲ್ಲಿ ಶುರುಮಾಡಿದರು. ಮಕ್ಕಳಿಗೆ ಬೋಥಾ, ಡಿ ವೆಟ್, ಜೂಬರ್ಟ್ ಎಂದು ಹೆಸರಿಟ್ಟರು. ಮೂರೂ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಬೋವರ್ ಸೇನಾಪತಿಗಳ ಹೆಸರುಗಳು. ಗಿರಾಕಿಗಳಲ್ಲಿ ಬ್ರಿಟಿಷ್ ಅಧಿಕಾರಿಗಳೇ ತುಂಬಿದ್ದರು ಎಂಬುದು ತಮಾಷೆ. ಡಿ ವೆಟ್ ಒಳ್ಳೆಯ ಗಾಳಗಾರ. 1946ರಲ್ಲಿ ಕಬಿನಿಯಲ್ಲಿ ಅವರು ಹಿಡಿದ ಮಹಶೀರ್ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಕಾವೇರಿ ಕೊಳ್ಳದ ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ.

ವ್ಯಾಪಾರ ನಡೆಯುತ್ತಿದ್ದದ್ದು ಹೀಗೆ. ರಾಜರು, ದೊರೆಗಳು ಎಲ್ಲೋ ಹುಲಿ ಹೊಡೆಯುತ್ತಾರೆ. ಸುಲಿದು ಉಪ್ಪು ಹಚ್ಚಿದ ಚರ್ಮವೂ ತಲೆಬುರುಡೆಯೂ ಮೈಸೂರಿಗೆ ಬರುತ್ತವೆ. ಚರ್ಮ ಕೆಡದಂತೆ ಕಾಡಿನಲ್ಲೇ ಹೇಗೆ ನೋಡಿಕೊಳ್ಳಬೇಕೆಂದು ಬೇಟೆಗಾರರಿಗೆ ತಿಳಿಸುವ ಕಿರುಪುಸ್ತಕವನ್ನೂ ಕಂಪನಿ ಅಚ್ಚುಹಾಕಿಸಿತ್ತು. ಬಂದ ಪ್ರತಿ ಚರ್ಮಕ್ಕೂ ಒಂದು ಸಂಖ್ಯೆ, ಲೆಜರಿನಲ್ಲಿ ಒಂದು ನಮೂದು. ಆಮೇಲೆ ನೆನೆಸುವುದು, ಒಳಮೈ ಹೆರೆದು ತೆಳುವಾಗಿಸುವುದು, ಹದ ಮಾಡುವುದು.

ಹಳೆಯ ಕಾಲದವರಂತೆ ಇವರು ಹುಲ್ಲು ತುರುಕುತ್ತಿರಲಿಲ್ಲ. ಬೇರೆಬೇರೆ ಅಳತೆಯ ಹುಲಿ, ಚಿರತೆಗಳ ಅಚ್ಚುಗಳನ್ನು ಮಾಡಿಟ್ಟುಕೊಂಡಿದ್ದರು. ಅಚ್ಚಿನೊಳಗೆ ಅಂಟಿನಲ್ಲಿ ಅದ್ದಿದ ಕಾಗದವನ್ನು ಪದರದ ಮೇಲೆ ಪದರ ಕೂರಿಸಿದರೆ ಗಟ್ಟಿಯಾದ, ಹಗುರವಾದ ಟೊಳ್ಳು ಮೈ ಸಿಗುತ್ತಿತ್ತು. ಅದರ ಮೇಲೆ ಚರ್ಮ ಎಳೆದು ಹೊಲಿಯುವುದು. ಗಾಜಿನ ಕಣ್ಣು ಕೂರಿಸಿ, ನಾಲಿಗೆ, ಒಸಡು, ತುಟಿಗಳನ್ನು ತಿದ್ದಿ ಬಣ್ಣ ಹಚ್ಚುವುದು. ಕಷ್ಟದ ಕೆಲಸವೆಂದರೆ ಮುಖ. ಹಲ್ಲು ಕಿರಿದು ಗುರ್ರೆನ್ನುವ ಹುಲಿಯ ಮೂಗಿನ ಮೇಲೆ ಸುಕ್ಕು ಎಲ್ಲಿ ಬೀಳುತ್ತದೆ, ಕಿವಿ ಎಷ್ಟು ಹಿಂದಕ್ಕೆ ಮಡಚುತ್ತದೆ ಎಂಬುದು ತಿಳಿಯದವನ ಕೈಯಲ್ಲಿ ಹುಲಿ ಬೆಕ್ಕಾಗುತ್ತದೆ. ವ್ಯಾನ್ ಇಂಗನ್ ಹುಲಿಗಳಿಗೆ ಹೆಸರು ಬಂದದ್ದು ಈ ಮುಖಗಳಿಂದಲೇ.

ಬೇಡಿಕೆ ಉತ್ತುಂಗದಲ್ಲಿದ್ದಾಗ ಅಲ್ಲಿ ನೂರೈವತ್ತರಷ್ಟು ಜನ ದುಡಿಯುತ್ತಿದ್ದರು. ವರ್ಷಕ್ಕೆ ನಾನ್ನೂರರಷ್ಟು ಹುಲಿಗಳು ತಯಾರಾಗುತ್ತಿದ್ದವು. ನೆನೆಸುವವರು, ಹೆರೆಯುವವರು, ಹೊಲಿಯುವವರು, ಬಣ್ಣದವರು ಎಂದು ಕೆಲಸ ಹಂಚಿಹೋಗಿತ್ತು. ಆ ಕೈಗಳು ಮೈಸೂರಿನ ಜನರವು. ಹಾಸುಚರ್ಮದ ಹಿಂಬದಿಯ ಬಟ್ಟೆಯ ಮೇಲೆ, ತಲೆ ಕೂರಿಸಿದ ಹಲಗೆಯ ಹಿಂದೆ ಇರುವ ಲೇಬಲ್‌ನಲ್ಲಿ ಕಂಪನಿಯ ಹೆಸರು, ಊರಿನ ಹೆಸರು ಮಾತ್ರ. ಹಲವು ಹಲಗೆಗಳ ಮುಂದೆ, ಹುಲಿ ಹೊಡೆದವರ ಹೆಸರು ಮತ್ತು ತಾರೀಖು. ತಮಟೆ ಬಡಿದು ಹುಲಿಯನ್ನು ಪೊದೆಯಿಂದ ಎಬ್ಬಿಸಿದವರ ಹೆಸರೂ ಇಲ್ಲ, ಮುಖ ಕೊಟ್ಟವರ ಹೆಸರೂ ಇಲ್ಲ. ವರದಿಗೆ ಬೈಲೈನ್ ಸಿಗಲಿಲ್ಲವೆಂದು ಮುನಿಸಿಕೊಳ್ಳುವ ನಮ್ಮಂಥವರಿಗೆ ಇದು ಬೇಗ ನಾಟುತ್ತದೆ.

ಇನ್ನೊಂದು ಮಗ್ಗುಲನ್ನು ಮರೆಸುವಂತಿಲ್ಲ. ಆ ಕಾರ್ಖಾನೆಯಲ್ಲಿ ಒಟ್ಟು 43,000ಕ್ಕೂ ಹೆಚ್ಚು ಹುಲಿ, ಚಿರತೆಗಳ ಚರ್ಮ ಹದವಾಯಿತು ಎಂಬುದು ಲೆಕ್ಕ. ಸರಗುಜಾದ ಮಹಾರಾಜರೊಬ್ಬರೇ ಸಾವಿರಕ್ಕೂ ಮಿಕ್ಕಿ ಹುಲಿ ಹೊಡೆದೆನೆಂದು ಹೇಳಿಕೊಂಡ ಕಾಲ ಅದು. 1972ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳ ಸಂಖ್ಯೆ 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ ಹುಲಿ ಯೋಜನೆ ಶುರುವಾದಾಗ, ಮೈಸೂರು ಅರಸರ ಬೇಟೆಕಾಡಾಗಿದ್ದ ಬಂಡೀಪುರ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಒಂದಾಯಿತು. ಕಾಯ್ದೆಯ ಬಗ್ಗೆ ನಮ್ಮ ದೂರು ಒಂದೇ, ಅದು ಇನ್ನೂ ಮೊದಲೇ ಬರಬೇಕಿತ್ತು.

ಹೊಸ ಹುಲಿ ಬರುವುದು ನಿಂತ ಮೇಲೆ ಕಾರ್ಖಾನೆ ಸಣ್ಣಪುಟ್ಟ ಕೆಲಸದಲ್ಲಿ ಉಸಿರು ಹಿಡಿದುಕೊಂಡು 1999ರಲ್ಲಿ ಬಾಗಿಲು ಮುಚ್ಚಿತು. ಬ್ರಿಟಿಷ್ ಲೇಖಕ ಪ್ಯಾಟ್ ಮಾರಿಸ್ ಕಂಪನಿಯ ಕುರಿತು 2006ರಲ್ಲಿ ಒಂದು ಪುಸ್ತಕವನ್ನೇ ತಂದರು. ಸಹೋದರರಲ್ಲಿ ಕೊನೆಯವರಾದ ಜೂಬರ್ಟ್ 2013ರಲ್ಲಿ, ನೂರು ವರ್ಷ ದಾಟಿ, ಮೈಸೂರಿನಲ್ಲೇ ತೀರಿಕೊಂಡರು.

ಕಸುಬು ಪೂರ್ತಿ ಸತ್ತಿಲ್ಲ. ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಪಶುವೈದ್ಯ ಸಂತೋಷ್ ಗಾಯಕ್ವಾಡ್ 2009ರಿಂದ ಟ್ಯಾಕ್ಸಿಡರ್ಮಿ ಕೇಂದ್ರ ನಡೆಸಿದ್ದಾರೆ. ಅಲ್ಲಿಗೆ ಬರುವುದು ಮೃಗಾಲಯದಲ್ಲೋ ಕಾಡಿನಲ್ಲೋ ತಾವಾಗಿ ಸತ್ತ ಪ್ರಾಣಿಗಳು, ಹೋಗುವುದು ಮಕ್ಕಳು ನೋಡುವ ವಸ್ತುಸಂಗ್ರಹಾಲಯಗಳಿಗೆ. ನಮ್ಮಲ್ಲಿ ಈ ವಿಷಯ ಮತ್ತೆ ಸುದ್ದಿಯಾದದ್ದು 2023ರಲ್ಲಿ, ಹುಲಿಯುಗುರಿನ ಪದಕದ ಗಲಾಟೆ ಎದ್ದಾಗ. ಅಟ್ಟದ ಮೇಲಿದ್ದ ಕೊಂಬು, ಚರ್ಮಗಳಿಗೆ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಎಂದು ಎಷ್ಟೋ ಹಳೆಯ ಮನೆಗಳವರು ಆಗ ಪೆಟ್ಟಿಗೆ ತಡಕಾಡಿದರು.

ನಮಗೆ ಬೇಕಿರುವುದು ಬೇರೆ ಕಾಗದ. ಮೈಸೂರಿನ ಸುತ್ತಮುತ್ತ ಯಾರ ಮನೆಯಲ್ಲಾದರೂ ಅಜ್ಜನೋ ದೊಡ್ಡಪ್ಪನೋ ಆ ಕಾರ್ಖಾನೆಯಲ್ಲಿ ಚರ್ಮ ಹೆರೆದಿದ್ದರೆ, ಹುಲಿಗೆ ತುಟಿ ಬರೆದಿದ್ದರೆ, ಒಂದು ಫೋಟೊ, ಒಂದು ಸಂಬಳದ ಚೀಟಿ, ಏನೂ ಇಲ್ಲದಿದ್ದರೆ ಬರೀ ನೆನಪಾದರೂ ಸರಿ, ನಮಗೆ ತಿಳಿಸಿ. ನಾವೇ ಬರುತ್ತೇವೆ.