ಸಮುದಾಯ ಹಾಸ್ಪಿಸ್ ಆರೈಕೆ: ಸ್ವಯಂಸೇವಕರ ಪಾತ್ರ

ಗುಣವಾಗದ ಕಾಯಿಲೆಯವರನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದರೆ ಆರೈಕೆ ಮುಗಿಯಿತೆಂದು ಅರ್ಥವಲ್ಲ. ರೋಗಿಯ ನೋವು ತಗ್ಗಿಸಿ, ಮನೆಯವರಿಗೂ ಆಸರೆಯಾಗುವುದೇ ಹಾಸ್ಪಿಸ್ ಸೇವೆ.

ಹಿನ್ನೆಲೆ: ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್‌ನಲ್ಲಿ ಸಂತ ಕ್ರಿಸ್ಟೋಫರ್ ಹಾಸ್ಪಿಸ್ ಆರಂಭಿಸಿದರು. ಭಾರತದ ಮೊದಲ ಹಾಸ್ಪಿಸ್, ಶಾಂತಿ ಅವೇದನಾ ಸದನ, 1986ರಲ್ಲಿ ಮುಂಬೈಯಲ್ಲಿ ತೆರೆಯಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ನೆರೆಯ ಕೇರಳದ ಮಲಬಾರಿನಲ್ಲಿ ಊರಿನವರೇ ತರಬೇತಿ ಪಡೆದು, ದಾದಿಯರ ಜೊತೆ ರೋಗಿಗಳ ಮನೆಗೆ ಹೋಗುವ ಪದ್ಧತಿ ಬೆಳೆಯಿತು.

ಸ್ವಯಂಸೇವಕರು ಮಾಡುವುದು: ರೋಗಿಯ ಮಾತು ಕೇಳುವುದು, ಮೈ ಒರೆಸಲು, ಮಗ್ಗುಲು ಬದಲಿಸಲು ನೆರವಾಗುವುದು, ಔಷಧಿ ತಂದುಕೊಡುವುದು, ಮನೆಯವರು ತುಸು ವಿಶ್ರಮಿಸುವಷ್ಟು ಹೊತ್ತು ಜೊತೆಗಿರುವುದು. ರೋಗಿ ಬಯಸಿದರೆ ಪರಮಪ್ರಸಾದ, ಅಭ್ಯಂಗ ಸಂಸ್ಕಾರಗಳಿಗಾಗಿ ಧರ್ಮಗುರುಗಳಿಗೆ ತಿಳಿಸುವುದು. ಸಾವಿನ ಬಳಿಕವೂ ಆ ಮನೆಗೆ ಹೋಗಿಬರುವುದು.

ಮಾಡಬಾರದ್ದು: ಔಷಧಿ ಬದಲಿಸುವುದು, ಸುಳ್ಳು ಭರವಸೆ ಕೊಡುವುದು, ಮನೆಯ ಗುಟ್ಟು ಹೊರಗೆ ಹೇಳುವುದು.

ಮಾರ್ಫಿನ್ ಬಗ್ಗೆ ಹಲವರಿಗೆ ಅಂಜಿಕೆಯಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವುನಿವಾರಕ ತೆಗೆದುಕೊಳ್ಳುವುದು ಪಾಪವಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (2279) ಇದನ್ನು ಒಪ್ಪುತ್ತದೆ. ಉಪಶಾಮಕ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ಸೇವೆಯೆಂದು ಪ್ರೋತ್ಸಾಹಿಸುತ್ತದೆ.

ಗೋಕರ್ಣನಾಥ ದೇವಾಲಯವೂ ಮಸೀದಿಯೂ ಇರುವ ಕುದ್ರೋಳಿಯಂತಹ ಕಡೆ ನೆರೆಮನೆಯ ರೋಗಿ ಯಾವ ಧರ್ಮದವರೂ ಆಗಿರಬಹುದು. ಈ ಸೇವೆ ಅದನ್ನು ಕೇಳುವುದಿಲ್ಲ. ವಾರ್ಡಿನಲ್ಲಿ ಹಾಸಿಗೆ ಹಿಡಿದವರಿದ್ದರೆ ಗುರ್ಕಾರರು, ನೆರೆಯವರು ಕೊನೆಯ ವಾರದವರೆಗೆ ಕಾಯದೆ ಮೊದಲೇ ತಿಳಿಸಲಿ. ಬೇಗ ತಿಳಿದಷ್ಟೂ ರೋಗಿಯ ನೋವಿನ ದಿನಗಳು ಕಡಿಮೆಯಾಗುತ್ತವೆ.