ದುಂಡು ಕಾಗದದ ಮೇಷ್ಟ್ರು

ನಮ್ಮ ಹರಿಹರಪುರದ ಕಡೆ ಅಡಿಕೆ ಚೊಗರು ಪಂಚೆ ಮೇಲೆ ಬಿದ್ರೆ ನಮಗದು ಬರೀ ಕಲೆ. ರಸಾಯನಶಾಸ್ತ್ರದವರಿಗೆ ಹಲವು ವಸ್ತುಗಳ ಮಿಶ್ರಣ. ಅಂಥ ಮಿಶ್ರಣವನ್ನು ಬಿಡಿಸೋ ವಿದ್ಯೆಯೇ ಕ್ರೊಮ್ಯಾಟೊಗ್ರಫಿ. ಎಲೆಯ ಬಣ್ಣಗಳನ್ನು ಬೇರ್ಪಡಿಸಿದ ರಷ್ಯಾದ ಮಿಖಾಯಿಲ್ ತ್ಸ್ವೆಟ್ 1906ರಲ್ಲಿ ಅದಕ್ಕೆ ಈ ಹೆಸರು ಕೊಟ್ಟರು. 1952ರಲ್ಲಿ ಇದೇ ವಿದ್ಯೆಗಾಗಿ ಬ್ರಿಟನ್ನಿನ ಮಾರ್ಟಿನ್, ಸಿಂಜ್ ಇಬ್ಬರಿಗೂ ನೊಬೆಲ್ ಬಂತು.

ಅದೇ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ವಿ. ಗಿರಿ ದುಂಡು ಸೋಸುಕಾಗದ ಹಿಡಿದು ಕೂತಿದ್ದರು. ನಡುವಿನಿಂದ ದ್ರಾವಕ ಅಂಚಿನತ್ತ ಹರಡಿದ ಹಾಗೆ ಅಮೈನೊ ಆಮ್ಲಗಳು ಒಂದೊಂದೂ ಒಂದೊಂದು ದೂರದಲ್ಲಿ ಉಂಗುರದಂತೆ ನಿಲ್ಲುತ್ತವೆ. ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡಿದ್ರೆ ಹೆಚ್ಚಿನವು ನೇರಳೆಯಾಗಿ ಕಾಣುತ್ತವೆ. ದುಬಾರಿ ಯಂತ್ರವೇನೂ ಬೇಡ.

ಕಾಲೇಜಲ್ಲಿ ನಾನು ಮಾರ್ಟಿನ್ ಹೆಸರು ಉರು ಹೊಡೆದಿದ್ದೆ. ಬೆಂಗಳೂರಲ್ಲೇ ಗಿರಿ ಅನ್ನೋರಿದ್ರು ಅಂತ ಮಾತ್ರ ಯಾರೂ ಹೇಳಲಿಲ್ಲ.